ಹಿಂದೆಯೇ ಉಳಿದ ಜೀಪು

ಹರಾಜಿನಲ್ಲಿ ಕೊಂಡ ಹಳೆಯ ಪೊಲೀಸ್ ಜೀಪನ್ನು ಅವನು ನೇರವಾಗಿ ಗ್ಯಾರೇಜಿಗೆ ತಂದಿದ್ದ. ಸ್ಪೋರ್ಟ್ ಮೋಡ್ ಬಟನ್ ಎಷ್ಟು ಒತ್ತಿದರೂ ಅದು ವೇಗ ಹಿಡಿಯುತ್ತಿರಲಿಲ್ಲ. ಜೊತೆಗೆ ಅಪ್ಪನೂ ಬಂದಿದ್ದ. ನಿವೃತ್ತಿಯಾಗುವವರೆಗೂ ಆ ಜೀಪು ಓಡಿಸಿದವನು ಅಪ್ಪನೇ.

ಒಂದು ಕಾಲದಲ್ಲಿ ಮಗ ಕಳ್ಳ ಮರಳಿನ ಲಾರಿ ಓಡಿಸುತ್ತಿದ್ದ. ಇದೇ ಜೀಪು ಬೆನ್ನು ಹತ್ತುತ್ತಿತ್ತು, ಒಮ್ಮೆಯೂ ಹಿಡಿಯಲಿಲ್ಲ. ಲಾರಿಯಲ್ಲಿದ್ದವನು ಯಾರೆಂದು ಅಪ್ಪನಿಗೆ ಗೊತ್ತಿಲ್ಲವೆಂದೇ ಅವನು ನಂಬಿದ್ದ. 'ಎತ್ತಿನಗಾಡಿ ಡ್ರೈವರ್' ಎಂದು ಸಾಹೇಬರಿಂದ ಬೈಸಿಕೊಂಡು ಅಪ್ಪ ಮನೆಗೆ ಬಂದಾಗಲೆಲ್ಲ ಒಳಗೊಳಗೇ ನಕ್ಕಿದ್ದ. ಈಗ ಅದನ್ನು ನೆನೆದರೆ ನಾಚಿಕೆಯಿಂದ ತಲೆ ತಗ್ಗುತ್ತಿತ್ತು. ಅಪ್ಪ ಒಮ್ಮೆಯಾದರೂ ಈ ಜೀಪನ್ನು ಜೋರಾಗಿ ಓಡಿಸಲಿ ಎಂದೇ ಕೊಂಡಿದ್ದ.

ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದ.

"ಬಟನ್ ಬರೋಬರಿ ಐತ್ರಿ. ಯಾರೋ ಬೇಕಂತನ ವೈರ್ ಕತ್ತರಿಸಿ ಟೇಪ್ ಸುತ್ಯಾರ."

ಅವನು ಸಿಟ್ಟಿನಿಂದ ಅಪ್ಪನತ್ತ ತಿರುಗಿದ. "ನಿನ್ನ ಹೆಸರ ಕೆಡಸಾಕ ಯಾವನೋ ಮಾಡ್ಯಾನ."

"ನಾನ ಮಾಡಿದ್ದು," ಎಂದ ಅಪ್ಪ, ಮಗನ ಮುಖ ನೋಡದೆ. "ಒಂದ್ ಸಲ ಆ ಬಟನ್ ಒತ್ತಿ ಬೆನ್ನ ಹತ್ತಿದ್ದೆ. ಸೇತುವಿ ಮ್ಯಾಲ ನಿನ್ನ ಲಾರಿ ಹೊಳಿ ಕಡೆ ವಾಲ್ತು."