ಅನುಭವಸ್ಥರು ಬೇಕಾಗಿದ್ದಾರೆ

"ಈ ಐದು ವರ್ಷ ಏನ್ ಮಾಡ್ತಿದ್ರಿ?" ಎಂದು ವಯಸ್ಸಾದ ಯಜಮಾನರು ಕೇಳಿದರು.

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಕೆಲಸಕ್ಕಾಗಿ ಅವಳ ಸಂದರ್ಶನ. ಹಿಂದಿನವೆಲ್ಲ ಈ ಪ್ರಶ್ನೆಗೆ ಬಂದಾಗಲೇ ಮುಗಿದುಹೋಗಿದ್ದವು.

"ಅತ್ತೆಗೆ ಮರೆವಿನ ಕಾಯಿಲೆ ಇತ್ತು ಸಾರ್. ಅವರನ್ನ ನೋಡ್ಕೊಳ್ತಿದ್ದೆ. ಹೋದ ವರ್ಷ ತೀರಿಕೊಂಡ್ರು."

"ಅಂದ್ರೆ, ಮನೇಲಿ ಸುಮ್ನೆ ಇದ್ರಿ," ಎಂದ ಪಕ್ಕದಲ್ಲಿದ್ದ ಯಜಮಾನರ ಮಗ.

ಅವಳು ಸಿಟ್ಟು ನುಂಗಿಕೊಂಡಳು. ನೀರಿನ ಗಡಸುತನ ಅಳೆಯುವ ಬಗೆಯನ್ನು ಅವನು ಕೇಳಿದಾಗ ಎಲ್ಲೂ ತಡವರಿಸದೆ ವಿವರಿಸಿದಳು.

"ಭೇಷ್!" ಎಂದರು ಯಜಮಾನರು. "ಅದ್ಸರಿ, ಈ ಐದು ವರ್ಷ ಏನ್ ಮಾಡ್ತಿದ್ರಿ?"

"ಆಗ್ಲೇ ಹೇಳಿದ್ನಲ್ಲ ಸಾರ್!"

ಬೇಕೆಂದೇ ಕೆಣಕುತ್ತಿದ್ದಾರೆ, ಎದ್ದು ಹೋಗಿಬಿಡಲೇ ಅನ್ನಿಸಿತು. ಆದರೂ ಕೆಲಸ ಬೇಕಿತ್ತು, ಇನ್ನೊಮ್ಮೆ ಹೇಳಿದಳು. ಮಗ ತಲೆ ತಗ್ಗಿಸಿದ.

"ಪಾಪ," ಎಂದರು ಯಜಮಾನರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಈ ಐದು ವರ್ಷ ಏನ್ ಮಾಡ್ತಿದ್ರಿ ತಾಯಿ?"

ಅವಳು ಅವರ ಕಣ್ಣುಗಳನ್ನು ನೋಡಿದಳು. ಅಲ್ಲಿ ವ್ಯಂಗ್ಯವಿರಲಿಲ್ಲ, ಅವರ ಮಟ್ಟಿಗೆ ಅದು ಹೊಸ ಪ್ರಶ್ನೆ. ಅವಳ ದನಿ ತಾನಾಗಿಯೇ ಮೆತ್ತಗಾಯಿತು.

"ಅತ್ತೆ ಜೊತೆ ಇದ್ದೆ ಸಾರ್. ನಿಮ್ದು ಕಾಫಿ ಆಯ್ತಾ?"

"ಎಲ್ಲಿ, ಯಾರೂ ಕೊಟ್ಟೇ ಇಲ್ಲ!" ಎಂದು ಮುಂದಿದ್ದ ಖಾಲಿ ಲೋಟವನ್ನು ಆಚೆ ಸರಿಸಿ ಅವರು ನಕ್ಕರು. ಅವಳೂ ನಕ್ಕಳು.

ಮಗ ಇಬ್ಬರನ್ನೂ ನೋಡುತ್ತ ಕೂತಿದ್ದ. ಆಮೇಲೆ ಅವಳ ಅರ್ಜಿಯನ್ನು ಮಡಚಿಟ್ಟ.

"ಲ್ಯಾಬಿಗೆ ನಿಮ್ಮ ಗ್ಯಾಪ್ ಜಾಸ್ತಿ ಆಯ್ತು ಮೇಡಂ. ಅಪ್ಪನ್ನ ನೋಡ್ಕೊಳ್ಳೋಕೆ ನಾಳೆಯಿಂದ್ಲೇ ಬರ್ತೀರಾ?"