ಆಯತ್ತಿನ ಮುಂದಿನ ಮಾತು

"ಪ್ರಾಣಕ್ಕೆ ಪ್ರಾಣ. ಇಲ್ಲಿ ಸ್ಪಷ್ಟವಾಗಿದೆ," ಎನ್ನುತ್ತ ಹಿರಿಯ ಮೌಲ್ವಿ ಕುರಾನನ್ನು ಮುಂದಕ್ಕೆ ತಳ್ಳಿದರು.

"ಅದೇ ಆಯತ್ತನ್ನು ಮುಂದೆ ಓದಿ ಹಜರತ್. ಸೇಡು ಬಿಟ್ಟುಕೊಟ್ಟವರ ಪಾಪ ಕಳೆಯುತ್ತದೆ ಅಂತಲೂ ಇದೆ," ಎಂದರು ಕಿರಿಯ ಮೌಲ್ವಿ.

ಮೂರು ದಿನದಿಂದ ಇದೇ ವಾದ. ಕೊಲೆಯಾದವನ ತಾಯಿ ರಹಮತಬಿ ಇಬ್ಬರಿಗೂ ಚಹಾ ಕೊಟ್ಟು ಕೊಟ್ಟು ಸಾಕಾಗಿ, ಬುರ್ಖಾ ಹಾಕಿಕೊಂಡು ನೇರ ಜೈಲಿಗೆ ನಡೆದಳು.

ಸರಳುಗಳಾಚೆ ನಿಂತಿದ್ದವನು ಮಗನನ್ನು ಕೊಂದ, ಮಗನದೇ ಗೆಳೆಯ ದಾವಲ್. ಅವಳ ಮನೆಯಲ್ಲೇ ಉಂಡು ಬೆಳೆದವನು.

"ನಿನ್ನನ್ನ ಮಾಫ್ ಮಾಡೀನಿ," ಅಂದಳು. "ಕೋರ್ಟಿನಲ್ಲೂ ಹಾಗೇ ಹೇಳ್ತೀನಿ."

"ನಾನು ಕೇಳಿದೆನಾ, ಖಾಲಾ?"

"ಗಲ್ಲಿಗೆ ಹಾಕ್ತಾರೆ ನಿನ್ನನ್ನ!"

"ಹಾಕಲಿ. ನೀವು ಮಾಫ್ ಮಾಡಿದರೆ ನಾನು ಮಾಡಿದ್ದು ತಪ್ಪು ಅಂತಾಗುತ್ತೆ. ಬೇಡ."