ಮಾಯಾಳ ನೋಟ್‌ಬುಕ್

ಕಂಪ್ಯೂಟರ್ ಪರದೆಯ ಮೇಲೆ ಮಾಯಾಳ ಅಂಕ ಸೊನ್ನೆ ಎಂದು ಮೂಡಿತು. ಮಕ್ಕಳು ಹೋಂವರ್ಕ್ ಕಾಪಿ ಹೊಡೆಯುವುದನ್ನು ಬಿಡಿಸಲೆಂದು ಕಸ್ತೂರಿ ಟೀಚರ್ ಇವತ್ತು ಕಂಪ್ಯೂಟರ್ ಕೋಣೆಯಲ್ಲಿ ಗಣಿತದ ಆನ್‌ಲೈನ್ ಕ್ವಿಜ್ ಇಟ್ಟಿದ್ದರು. ಒಬ್ಬೊಬ್ಬರ ಲೆಕ್ಕದಲ್ಲೂ ಬೇರೆ ಬೇರೆ ಅಂಕಿ, ಒಂದೊಂದು ಲೆಕ್ಕಕ್ಕೆ ಎರಡೇ ನಿಮಿಷ.

ಕಮಲಾಪುರದಿಂದ ಕಲಬುರಗಿಗೆ ಬರುವ ಬೆಳಗಿನ ಬಸ್ಸಿನಲ್ಲಿ ದಿನಾ ತೊಡೆಯಿಂದ ತೊಡೆಗೆ ದಾಟುತ್ತಿದ್ದದ್ದು ಮಾಯಾಳ ನೋಟ್‌ಬುಕ್ಕೇ. ಶಾಲೆ ಮುಟ್ಟುವಷ್ಟರಲ್ಲಿ ಅರ್ಧ ತರಗತಿಯ ಹೋಂವರ್ಕ್ ಮುಗಿದಿರುತ್ತಿತ್ತು. ಅದರಲ್ಲಿನ ಲೆಕ್ಕಗಳನ್ನೆಲ್ಲ ಅಣ್ಣ ವಿಶ್ವಾಸ ಮಾಡಿಕೊಡುತ್ತಿದ್ದ, ಅವಳು ದುಂಡಗಿನ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದಳು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಟೀಚರ್ ಅವಳ ಪರದೆಗೆ ಬಗ್ಗಿ ನೋಡಿದರು. ಈಗ ಬೈಗುಳ ಬೀಳುತ್ತದೆ ಎಂದುಕೊಂಡಳು ಮಾಯಾ. ಟೀಚರ್ ನಕ್ಕರು.

"ನಿನಗ ಸೊನ್ನೆ ಬರ್ತದೇನವ್ವಾ? ಈ ಕಂಪ್ಯೂಟರೇ ಕೆಟ್ಟದ. ಬಾ, ಬೋರ್ಡಿನ ಮ್ಯಾಲ ಮಾಡಿ ತೋರ್ಸು. ಇವರೂ ನೋಡಿ ಕಲೀಲಿ."

ಸೀಮೆಸುಣ್ಣ ಅಂಗೈಯ ಬೆವರಿಗೆ ಅಂಟಿಕೊಂಡಿತು. ಮಾಯಾ ಬೋರ್ಡಿನ ಎದುರು ನಿಂತಳು. ಬೆನ್ನ ಹಿಂದೆ ಸರಸರನೆ ಹಾಳೆ ಮಗುಚುವ ಸದ್ದಾಯಿತು. ಇಡೀ ತರಗತಿ ನೋಟ್‌ಬುಕ್ ಬಿಚ್ಚಿ, ಪೆನ್ನು ಹಿಡಿದು, ಅವಳು ಬರೆಯುವುದನ್ನೇ ಕಾಯುತ್ತಿತ್ತು.